ಹಾಲಿನ ಡೈರಿ ಆ್ಯಪ್‌ಗೆ ಸ್ವಯಂಚಾಲಿತ ಪರೀಕ್ಷೆ: ಒಂದು ಪ್ರಕರಣ ಅಧ್ಯಯನ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ದಿನಕ್ಕೆ ಎರಡು ಹೊತ್ತು ಹಾಲು ಅಳೆಯುತ್ತಾರೆ. ಸದಸ್ಯರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುವಾಗ ಕಾರ್ಯದರ್ಶಿಗಳು ಒಬ್ಬೊಬ್ಬರ ಹಾಲಿನ ಪ್ರಮಾಣ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಾಖಲಿಸಿ, ದರಪಟ್ಟಿಗೆ ತಾಳೆ ನೋಡಿ, ಚೀಟಿ ಕೊಟ್ಟು ಕಳುಹಿಸಬೇಕು. ಈ ಕೆಲಸಕ್ಕೆಂದು ಮೈಸೂರಿನ ಸಣ್ಣ ಸಂಸ್ಥೆಯೊಂದು ರೂಪಿಸಿದ ಆಂಡ್ರಾಯ್ಡ್ ಆ್ಯಪ್‌ನ ಪರೀಕ್ಷೆಯ ಹೊಣೆ ನನ್ನದಾಗಿತ್ತು. ವಿಭಾಗವೆಂದು ಕರೆಯಬಹುದಾದರೆ, ಅದರಲ್ಲಿ ನಾನೂ ಸೇರಿ ಮೂವರಿದ್ದೆವು. ಹದಿನೈದು ದಿನಕ್ಕೊಂದು ಹೊಸ ಆವೃತ್ತಿ ಹೊರಬೀಳುತ್ತಿತ್ತು. ಪ್ರತಿ ಬಾರಿಯೂ ಇಬ್ಬರು ಎರಡು ದಿನ ಕುಳಿತು ಅದೇ ಪರದೆಗಳನ್ನು ಅದೇ ಕ್ರಮದಲ್ಲಿ ಒತ್ತಿ ನೋಡುತ್ತಿದ್ದರು. ಎರಡನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ಬೇರೆಲ್ಲೋ ಇರುವುದು ಸಹಜವಾಗಿತ್ತು, ತಪ್ಪುಗಳು ನುಸುಳುತ್ತಿದ್ದುದೂ ಹೆಚ್ಚಾಗಿ ಆಗಲೇ.

2024ರ ಜೂನ್‌ನಲ್ಲಿ ಈ ಕೆಲಸದ ಒಂದು ಭಾಗವನ್ನಾದರೂ ಯಂತ್ರಕ್ಕೆ ವಹಿಸಬೇಕೆಂದು ತೀರ್ಮಾನಿಸಿದೆವು. ಹದಿನೈದು ದಿನದಲ್ಲಿ ಮುಗಿಯುವುದೆಂದು ನಾನು ಬರೆದುಕೊಟ್ಟ ಅಂದಾಜು ಈಗಲೂ ಕಚೇರಿಯ ಕಡತದಲ್ಲಿದೆ. ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಪರೀಕ್ಷೆಗಳನ್ನು ಬರೆಯಲು ಹೋದ ಕಾಲ ಕಡಿಮೆ. ಪರೀಕ್ಷೆ ಕೆಂಪು (ದೋಷವಿದೆ) ತೋರಿಸಿದರೆ ಅದು ನಿಜವಾಗಿಯೂ ಕೆಂಪೇ, ಹಸಿರು (ಸರಿಯಿದೆ) ತೋರಿಸಿದರೆ ನಿಜವಾಗಿಯೂ ಹಸಿರೇ ಎಂದು ನಂಬುವ ಸ್ಥಿತಿಗೆ ತರಲು ಹೋದ ಕಾಲವೇ ಹೆಚ್ಚು.

ಸಾಧನದ ಆಯ್ಕೆ

ನಮ್ಮ ಮುಂದೆ ಮೂರು ದಾರಿಗಳಿದ್ದವು. ಗೂಗಲ್‌ನ ಎಸ್ಪ್ರೆಸೊ ಆ್ಯಪ್‌ನ ಪ್ರಕ್ರಿಯೆಯ ಒಳಗೇ ಕುಳಿತು ಓಡುವುದರಿಂದ ವೇಗವಾಗಿದೆ, ಪರದೆ ಸ್ಥಿರವಾಗುವವರೆಗೆ ತಾನೇ ಕಾಯುತ್ತದೆ. ಆದರೆ ಅದಕ್ಕೆ ಆ್ಯಪ್‌ನ ಮೂಲಸಂಕೇತ ಮತ್ತು ಕೋಟ್ಲಿನ್ ಅಥವಾ ಜಾವಾ ಭಾಷೆ ಬೇಕು. ಮೇಸ್ಟ್ರೊ ಎಂಬ ಸಾಧನದಲ್ಲಿ ಹಂತಗಳನ್ನು ಯಾಮಲ್ ಎಂಬ ಸರಳ ಪಠ್ಯದ ಕಡತದಲ್ಲಿ ಬರೆದರೆ ಸಾಕು, ಒಂದೇ ಮಧ್ಯಾಹ್ನದಲ್ಲಿ ಮೊದಲ ಪರೀಕ್ಷೆ ಓಡುತ್ತದೆ. ಮೂರನೆಯದು ಆ್ಯಪಿಯಂ, ಆ್ಯಪನ್ನು ಹೊರಗಿನಿಂದ ಬಳಕೆದಾರನಂತೆ ನಡೆಸಿ ನೋಡುವ ಸಾಧನ. ನಮ್ಮ ಇಬ್ಬರು ಪರೀಕ್ಷಕರಿಗೆ ಪೈಥಾನ್ ಭಾಷೆ ಮತ್ತು ಅದೇ ಬಗೆಯ ಆಜ್ಞೆಗಳಿಂದ ಜಾಲತಾಣಗಳನ್ನು ಪರೀಕ್ಷಿಸುವ ಸೆಲೆನಿಯಂ ಮೊದಲೇ ಗೊತ್ತಿದ್ದವು. ಸಂಘಗಳಿಗೆ ಹೋಗುವ ಎಪಿಕೆಯನ್ನೇ (ಆ್ಯಪ್ ಸ್ಥಾಪಿಸುವ ಕಡತ) ಒಂದಕ್ಷರ ಬದಲಿಸದೆ ಪರೀಕ್ಷಿಸಬೇಕೆಂಬುದು ನನ್ನ ಹಟವಾಗಿತ್ತು. ಚೀಟಿಯನ್ನು ವಾಟ್ಸ್‌ಆ್ಯಪ್‌ಗೆ ಕಳುಹಿಸುವಾಗ ನಮ್ಮ ಆ್ಯಪ್‌ನಿಂದ ಹೊರಬಂದು ಮತ್ತೆ ಮರಳುವ ಹಾದಿಯನ್ನೂ ನೋಡಬೇಕಿತ್ತು. ಎಸ್ಪ್ರೆಸೊ ಒಂದರಿಂದಲೇ ಅದು ಆಗುವುದಿಲ್ಲ. ಹೀಗೆ ಆ್ಯಪಿಯಂ ಉಳಿಯಿತು. ಐಫೋನ್ ವಿಷಯ ಚರ್ಚೆಗೇ ಬರಲಿಲ್ಲ: ಅದರ ಪರೀಕ್ಷೆಗೆ ಮ್ಯಾಕ್ ಗಣಕ ಮತ್ತು ಎಕ್ಸ್‌ಕೋಡ್ ಬೇಕು, ನಮ್ಮ ಕಾರ್ಯದರ್ಶಿಗಳ ಕೈಯಲ್ಲಿ ಇರುವುದು ಆಂಡ್ರಾಯ್ಡ್ ಫೋನು.

ಏನನ್ನು ಪರೀಕ್ಷಿಸಬಾರದು ಎಂಬುದನ್ನೂ ಆಗಲೇ ನಿರ್ಧರಿಸಿದ್ದು ನಮ್ಮನ್ನು ಉಳಿಸಿತು. ಫ್ಯಾಟ್ ಮತ್ತು ಎಸ್‌ಎನ್‌ಎಫ್‌ನಿಂದ ದರ ಹುಡುಕುವ ಲೆಕ್ಕಾಚಾರದಲ್ಲಿ ನೂರಾರು ಜೋಡಿಗಳಿವೆ. ಒಂದೊಂದನ್ನೂ ಪರದೆಯ ಮೇಲೆ ಒತ್ತಿ ನೋಡುವುದು ಮೂರ್ಖತನ. ಅದನ್ನು ಡೆವಲಪರ್‌ಗಳು ಪರದೆಯಿಲ್ಲದೆ ಲೆಕ್ಕವನ್ನಷ್ಟೇ ನೋಡುವ ಯೂನಿಟ್ ಟೆಸ್ಟ್‌ಗಳಲ್ಲಿ ಬರೆದುಕೊಟ್ಟರು, ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ತೂಕದ ಯಂತ್ರದ ಬ್ಲೂಟೂತ್ ಸಂಪರ್ಕವನ್ನು ಕೈಪರೀಕ್ಷೆಗೇ ಬಿಟ್ಟೆವು. ಆ್ಯಪಿಯಂ ಪಾಲಿಗೆ ಬಂದದ್ದು ಲಾಗಿನ್, ಸದಸ್ಯರ ಹುಡುಕಾಟ, ಹಾಲಿನ ನಮೂದು, ಚೀಟಿ, ಹತ್ತು ದಿನದ ಬಿಲ್ಲು, ಇಂಟರ್ನೆಟ್ ಇಲ್ಲದಾಗ ನಮೂದಿಸಿ ಅನಂತರ ಕಳುಹಿಸುವುದು — ಇಂಥ 24 ಹಾದಿಗಳು.

ಕೊಂಡಿಗಳು

ಆ್ಯಪಿಯಂ ಎಂಬುದು ಒಂದೇ ಸಾಧನವೆಂದು ಭಾವಿಸಿದ್ದು ಮೊದಲ ತಪ್ಪು. ಅದು ಒಂದು ಸರಪಳಿ. ಪೈಥಾನ್‌ನಲ್ಲಿ ಬರೆದ ಪರೀಕ್ಷೆ 4723ನೆಯ ಪೋರ್ಟಿನಲ್ಲಿ (ಗಣಕದ ಸಂಪರ್ಕದ ಬಾಗಿಲು) ಕಾಯುತ್ತಿರುವ ಆ್ಯಪಿಯಂ ಸರ್ವರ್‌ಗೆ ಆಜ್ಞೆ ಕಳುಹಿಸುತ್ತದೆ. ಸರ್ವರ್ ಅದನ್ನು ಯುಐಆಟೊಮೇಟರ್ 2 ಎಂಬ ಡ್ರೈವರ್‌ಗೆ ಒಪ್ಪಿಸುತ್ತದೆ. ಡ್ರೈವರ್ ಗಣಕದಿಂದ ಫೋನಿಗೆ ಆಜ್ಞೆ ಸಾಗಿಸುವ ಎಡಿಬಿಯ ಮೂಲಕ ಫೋನನ್ನು ತಲುಪಿ, ಅಲ್ಲಿ ತಾನೇ ಸ್ಥಾಪಿಸಿದ ಪುಟ್ಟ ಸಹಾಯಕ ಆ್ಯಪ್‌ನಿಂದ ಕೆಲಸ ಮಾಡಿಸುತ್ತದೆ. ಆ ಸಹಾಯಕನೇ ಕೊನೆಗೆ ನಮ್ಮ ಆ್ಯಪ್‌ನ ಗುಂಡಿಯನ್ನು ಒತ್ತುವುದು. ಯಾವ ಕೊಂಡಿ ಕಳಚಿದರೂ ಪರೀಕ್ಷೆ ಬೀಳುತ್ತದೆ, ವರದಿಯಲ್ಲಿ ಮಾತ್ರ ನಮ್ಮ ಆ್ಯಪ್‌ನದೇ ದೋಷವೆಂಬಂತೆ ಕಾಣುತ್ತದೆ. ಈ ಚಿತ್ರವನ್ನು ಮೊದಲ ದಿನವೇ ಗೋಡೆಯ ಬಿಳಿಹಲಗೆಯ ಮೇಲೆ ಬರೆದಿದ್ದರೆ ಎರಡು ವಾರವಾದರೂ ಉಳಿಯುತ್ತಿತ್ತು. ನಾವು ಬರೆದದ್ದು ಮೂರನೆಯ ವಾರದಲ್ಲಿ.

ಮೊದಲ ಎರಡು ವಾರ ನಾವು ಹಳೆಯ ಮಾರ್ಗದರ್ಶಿಗಳ ಬೆನ್ನು ಹತ್ತಿದ್ದೆವು. ಆ್ಯಪಿಯಂನ ಮೂಲ 2011ರಲ್ಲಿ ಡ್ಯಾನ್ ಕ್ಯುಯೆಲ್ಲರ್ ಐಫೋನ್ ಆ್ಯಪ್‌ಗಳಿಗಾಗಿ ಬರೆದ ಐಒಎಸ್‌ಆಟೊ ಎಂಬ ಸಾಧನ. ಆ್ಯಪಿಯಂ 1.0 ಬಂದದ್ದು 2014ರ ಮೇ ತಿಂಗಳಲ್ಲಿ, 2.0 ಬಂದದ್ದು 2023ರ ಜುಲೈನಲ್ಲಿ. ನಡುವಿನ ಒಂಬತ್ತು ವರ್ಷಗಳಲ್ಲಿ ಬರೆದಿಟ್ಟ ಪಾಠಗಳೇ ಹುಡುಕಿದಲ್ಲೆಲ್ಲ ಸಿಗುತ್ತವೆ, ಹೊಸ ಆವೃತ್ತಿಗೆ ಅವು ಹೊಂದುವುದಿಲ್ಲ. ಹಳೆಯದರಲ್ಲಿ ಡ್ರೈವರ್‌ಗಳು ಸರ್ವರ್‌ನ ಜೊತೆಯಲ್ಲೇ ಬರುತ್ತಿದ್ದವು. ಹೊಸದರಲ್ಲಿ ಬೇಕಾದ ಡ್ರೈವರನ್ನು ನಾವೇ ಬೇರೆ ಆಜ್ಞೆ ಕೊಟ್ಟು ಸ್ಥಾಪಿಸಬೇಕು. ಹಳೆಯ ವಿಳಾಸಕ್ಕೆ 'ಡಬ್ಲ್ಯುಡಿ/ಹಬ್' ಎಂಬ ಬಾಲವಿತ್ತು. ಹೊಸದರಲ್ಲಿ ಅದನ್ನು ಸೇರಿಸಿದರೆ ಅಂಥ ವಿಳಾಸವಿಲ್ಲ ಎಂಬರ್ಥದ 404 ಎಂಬ ಉತ್ತರ ಬರುತ್ತದೆ. ಹಳೆಯದರಲ್ಲಿ ಫೋನಿನ ಹೆಸರು, ಆ್ಯಪ್‌ನ ಹೆಸರು ಮುಂತಾದ ವಿವರಗಳನ್ನು ಬರಿದಾಗಿ ಕೊಡುತ್ತಿದ್ದರು. ಹೊಸದರಲ್ಲಿ ಅವುಗಳಲ್ಲಿ ಹೆಚ್ಚಿನವಕ್ಕೆ ಆ್ಯಪಿಯಂ ಎಂಬ ಪೂರ್ವಪದ ಹಚ್ಚಬೇಕು. ಇವೆಲ್ಲ ಅಧಿಕೃತ ದಾಖಲೆಯಲ್ಲಿ ಸ್ಪಷ್ಟವಾಗಿಯೇ ಇವೆ. ಓದದೆ ನಕಲು ಮಾಡಲು ಹೊರಟವರು ನಾವು.

ಜಾವಾದ ತೊಡಕು ಬೇರೆಯದು. ಉಬುಂಟು ಗಣಕದಲ್ಲಿ ಹಳೆಯ ಕೆಲಸವೊಂದಕ್ಕಾಗಿ ಜಾವಾ 8 ಇತ್ತು. ಆಂಡ್ರಾಯ್ಡ್‌ನ ಅಭಿವೃದ್ಧಿ ಸಾಧನಗಳನ್ನು (ಎಸ್‌ಡಿಕೆ) ತರಿಸುವ ಹೊಸ ಎಸ್‌ಡಿಕೆ ಮ್ಯಾನೇಜರ್ ಜಾವಾ 17 ಕೇಳುತ್ತದೆ, ಇಲ್ಲದಿದ್ದರೆ ಕಡತದ ಆವೃತ್ತಿ 61.0, ನನಗೆ ಗೊತ್ತಿರುವುದು 52.0ರವರೆಗೆ ಮಾತ್ರ ಎಂಬರ್ಥದ ಒಗಟಿನಂಥ ದೂರನ್ನು ಪರದೆಯ ಮೇಲೆ ಸುರಿಯುತ್ತದೆ. 61 ಎಂದರೆ ಜಾವಾ 17, 52 ಎಂದರೆ ಜಾವಾ 8 ಎಂದು ತಿಳಿದವರಿಗೆ ಅದು ಒಂದು ನಿಮಿಷದ ಕೆಲಸ. ನಮಗೆ ಅರ್ಧ ದಿನ ಹಿಡಿಯಿತು. ಅದರ ಹಿಂದೆಯೇ ಇನ್ನೊಂದು: ಇಳಿಸಿಕೊಂಡ ಆಜ್ಞಾಸಾಧನಗಳನ್ನು ಬಿಚ್ಚಿದಲ್ಲೇ ಬಿಟ್ಟರೆ ಅವಕ್ಕೆ ಎಸ್‌ಡಿಕೆಯ ಬುಡ ಎಲ್ಲಿದೆಯೆಂದು ತಿಳಿಯುವುದಿಲ್ಲ, ಒಳಗೆ 'ಲೇಟೆಸ್ಟ್' ಎಂಬ ಫೋಲ್ಡರ್ ಮಾಡಿ ಅದರಲ್ಲಿ ಇಡಬೇಕು.

ಎಡಿಬಿಯ ಕೊಂಡಿ ಮಾತ್ರ ಸುಮಾರು ಒಂದು ತಿಂಗಳು ಕಾಡಿತು. ಫೋನಿನ ಬಿಲ್ಡ್ ಸಂಖ್ಯೆಯನ್ನು ಏಳು ಬಾರಿ ತಟ್ಟಿ ಡೆವಲಪರ್ ಆಯ್ಕೆಗಳನ್ನು ತೆರೆದು, ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿದರೆ ಮುಗಿಯಿತು ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ನಾಲ್ಕು ಫೋನುಗಳಲ್ಲಿ ಒಂದಕ್ಕೆ ಯುಎಸ್‌ಬಿ ಮೂಲಕ ಆ್ಯಪ್ ಸ್ಥಾಪಿಸಲು ಪ್ರತ್ಯೇಕ ಒಪ್ಪಿಗೆ ಬೇಕಿತ್ತು. ಇನ್ನೊಂದರ ಕೇಬಲ್ ಚಾರ್ಜ್ ಮಾಡುತ್ತಿತ್ತೇ ಹೊರತು ಮಾಹಿತಿಯನ್ನು ಸಾಗಿಸುತ್ತಿರಲಿಲ್ಲ. ಅಂಥ ಕೇಬಲ್‌ಗಳು ಇರುತ್ತವೆಂಬುದೇ ನನಗೆ ತಿಳಿದಿರಲಿಲ್ಲ. ಲಿನಕ್ಸ್‌ನಲ್ಲಿ ಫೋನ್ ಕಾಣಿಸಿಯೂ ಅನುಮತಿ ಇಲ್ಲವೆಂದು ಬರುತ್ತಿದ್ದುದು, ಯಾವ ಸಾಧನವನ್ನು ಯಾರು ಬಳಸಬಹುದೆಂದು ಹೇಳುವ ಯುಡೆವ್ ನಿಯಮಗಳ ಕಡತ ಹಾಕಿದ ಮೇಲೆ ನಿಂತಿತು. ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು, ಹೀಗಾಗಿ ಬೇಗ ಬಗೆಹರಿದವು.

ಕಾಣದ ತೊಂದರೆಯೆಂದರೆ ಓಟದ ನಡುವೆ ಆಗಾಗ ನಾಲ್ಕೂ ಫೋನುಗಳು ಒಮ್ಮೆಲೇ ಕಳಚಿಕೊಳ್ಳುತ್ತಿದ್ದುದು. ಕೆಲವು ದಿನ ಆಗುತ್ತಿತ್ತು, ಕೆಲವು ದಿನ ಇಲ್ಲ. ಯುಎಸ್‌ಬಿ ಹಬ್ ಬದಲಿಸಿದೆವು, ಸ್ವಂತ ವಿದ್ಯುತ್ ಇರುವ ದುಬಾರಿ ಹಬ್ ತಂದೆವು, ಪ್ರಯೋಜನವಾಗಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಓಟದ ಲಾಗ್ ಕಡತದ ಒಂದು ಸಾಲಿನಲ್ಲಿ: ಎಡಿಬಿ ಸರ್ವರ್‌ನ ಆವೃತ್ತಿ ತನ್ನ ಆವೃತ್ತಿಗೆ ಹೊಂದುತ್ತಿಲ್ಲ, ಆದ್ದರಿಂದ ಅದನ್ನು ಕೊಂದು ಹೊಸದನ್ನು ಎಬ್ಬಿಸುತ್ತಿದ್ದೇನೆ ಎಂದು ಎಡಿಬಿಯೇ ಹೇಳಿಕೊಂಡಿತ್ತು. ಗಣಕದಲ್ಲಿ ಎರಡು ಎಡಿಬಿಗಳಿದ್ದವು, ಒಂದು ಎಸ್‌ಡಿಕೆಯದು, ಇನ್ನೊಂದು ಫೋನಿನ ಪರದೆಯನ್ನು ಗಣಕದಲ್ಲಿ ತೋರಿಸುವ ತಂತ್ರಾಂಶದ ಜೊತೆ ಬಂದ ಹಳೆಯದು. ಎರಡೂ 5037 ಎಂಬ ಒಂದೇ ಪೋರ್ಟಿಗಾಗಿ ಹೊಡೆದಾಡುತ್ತಿದ್ದವು. ನಮ್ಮಲ್ಲಿ ಯಾರಾದರೂ ಪರೀಕ್ಷೆ ಹೇಗೆ ನಡೆದಿದೆಯೆಂದು ನೋಡಲು ಪರದೆ ತೆರೆದ ಕ್ಷಣವೇ ಸಂಪರ್ಕ ಕಡಿಯುತ್ತಿತ್ತು. ನೋಡದೆ ಇದ್ದ ದಿನ ಎಲ್ಲವೂ ಸರಿಯಾಗಿ ಓಡುತ್ತಿತ್ತು. ಹಳೆಯದನ್ನು ತೆಗೆದುಹಾಕಿದ ಮೇಲೆ ಆ ಸಮಸ್ಯೆ ಮತ್ತೆ ಬರಲಿಲ್ಲ.

ಅಂದಿನಿಂದ ನೋಡ್, ಆ್ಯಪಿಯಂ, ಡ್ರೈವರ್, ಜಾವಾದ ಜೆಡಿಕೆ, ಎಡಿಬಿ ಇರುವ ಪ್ಲಾಟ್‌ಫಾರ್ಮ್ ಟೂಲ್ಸ್, ಪೈಥಾನ್ ಕ್ಲೈಂಟ್ — ಪ್ರತಿಯೊಂದರ ಆವೃತ್ತಿಯನ್ನೂ ಒಂದು ಕಡತದಲ್ಲಿ ಬರೆದು ಮೂಲಸಂಕೇತದ ಜೊತೆಯಲ್ಲೇ ಇಟ್ಟಿದ್ದೇವೆ. ಓಟ ಶುರುವಾಗುವ ಮುನ್ನ ಒಂದು ಪುಟ್ಟ ಸ್ಕ್ರಿಪ್ಟ್ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡುತ್ತದೆ, ಯಾವುದಾದರೂ ಸಡಿಲವಿದ್ದರೆ ಪರೀಕ್ಷೆಯನ್ನೇ ಆರಂಭಿಸುವುದಿಲ್ಲ. ವರದಿಯಲ್ಲಿ ಕೆಂಪಿನ ಬದಲು ಬೂದು ಬಣ್ಣ ಬರುತ್ತದೆ. ಈ ಬೂದು ಬಣ್ಣವನ್ನು ಸೇರಿಸಿದ ಮೇಲೆಯೇ ಡೆವಲಪರ್‌ಗಳು ನಮ್ಮ ಕೆಂಪನ್ನು ಗಂಭೀರವಾಗಿ ನೋಡತೊಡಗಿದರು.

ರಾತ್ರಿಯ ಓಟ

ಹಗಲು ನಮ್ಮ ಕೈಯಲ್ಲಿ ಓಡಿದ ಪರೀಕ್ಷೆಗಳನ್ನು ರಾತ್ರಿ ಹನ್ನೊಂದಕ್ಕೆ ಜೆಂಕಿನ್ಸ್ ಎಂಬ, ನಿಗದಿತ ಹೊತ್ತಿಗೆ ಕೆಲಸ ನಡೆಸುವ ತಂತ್ರಾಂಶ ತಾನೇ ಓಡಿಸುವಂತೆ ಮಾಡಿದಾಗ ಎಲ್ಲವೂ ಬಿದ್ದವು. ಜೆಂಕಿನ್ಸ್ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ನಮ್ಮ ಖಾತೆಯ ಬ್ಯಾಷ್ ಕಡತದಲ್ಲಿ ಬರೆದ, ಎಸ್‌ಡಿಕೆ ಎಲ್ಲಿದೆಯೆಂದು ಹೇಳುವ ಆಂಡ್ರಾಯ್ಡ್ ಹೋಮ್ ಎಂಬ ವಿಳಾಸ ಅದರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಸರಿಪಡಿಸಿದ ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ನಾಲ್ಕೂ ಫೋನುಗಳ ಪರದೆಯ ಮೇಲೆ, ಈ ಗಣಕವನ್ನು ನಂಬಬಹುದೇ ಎಂಬ ಪ್ರಶ್ನೆ ರಾತ್ರಿಯಿಡೀ ಉತ್ತರಕ್ಕಾಗಿ ಕಾದು ಕುಳಿತಿತ್ತು. ಎಡಿಬಿಯ ಗುರುತಿನ ಕೀಲಿ ಪ್ರತಿ ಬಳಕೆದಾರನಿಗೂ ಬೇರೆ. ನಮಗೆ ಕೊಟ್ಟ ಒಪ್ಪಿಗೆ ಜೆಂಕಿನ್ಸ್‌ಗೆ ಅನ್ವಯಿಸುವುದಿಲ್ಲ.

ಅದನ್ನೂ ಮಾಡಿ ನೆಮ್ಮದಿಯಾಗಿದ್ದಾಗ ದಸರಾ ಬಂತು. ರಜೆಗೆ ಕಚೇರಿ ಮುಚ್ಚುವಾಗ ಬ್ಯಾಟರಿ ಉಬ್ಬುವ ಭಯದಿಂದ ಫೋನುಗಳನ್ನು ಕಳಚಿಟ್ಟು ಹೋದೆವು, ಮರಳಿದ್ದು ಒಂಬತ್ತನೆಯ ದಿನ. ಮೂರು ಫೋನುಗಳು ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದವು, ನಾಲ್ಕನೆಯದು, ಆಂಡ್ರಾಯ್ಡ್ 9 ಇದ್ದದ್ದು, ಸುಮ್ಮನಿತ್ತು. ಆಂಡ್ರಾಯ್ಡ್ 11ರಿಂದ ಈಚೆಗೆ ಏಳು ದಿನ ಸಂಪರ್ಕಿಸದ ಗಣಕದ ಒಪ್ಪಿಗೆಯನ್ನು ಫೋನು ತಾನೇ ರದ್ದುಮಾಡುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ಅದನ್ನು ತಡೆಯುವ ಗುಂಡಿಯೊಂದಿದೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ನಿಯಮವೇ. ಬೀಗ ಹಾಕಿದ ಕಪಾಟಿನ ಪರೀಕ್ಷಾ ಫೋನುಗಳಲ್ಲಿ ಮಾತ್ರ ನಾವು ಆ ಗುಂಡಿಯನ್ನು ಒತ್ತಿದೆವು. ಜೊತೆಗೆ ಪರದೆಯ ಮೂರೂ ಬಗೆಯ ಅನಿಮೇಷನ್‌ಗಳನ್ನು ಸೊನ್ನೆಗಿಳಿಸಿ, ನಿಗದಿತ ಸೆಕೆಂಡು ನಿದ್ರಿಸುವ ಸಾಲುಗಳನ್ನೆಲ್ಲ ಅಳಿಸಿ, ಬೇಕಾದ ಅಂಶ ಕಾಣುವವರೆಗೆ ಕಾಯುವ ಸಾಲುಗಳನ್ನು ಬರೆದೆವು.

ಅಂಶಗಳನ್ನು ಹುಡುಕುವ ಬಗೆಯನ್ನೂ ಬದಲಿಸಬೇಕಾಯಿತು. ಮೊದಲು 'ಉಳಿಸಿ' ಎಂಬ ಪದವನ್ನೇ ಹಿಡಿದು ಗುಂಡಿಯನ್ನು ಹುಡುಕುತ್ತಿದ್ದೆವು. ಯಾರೋ ಅದನ್ನು 'ಸೇವ್ ಮಾಡಿ' ಎಂದು ಬದಲಿಸಿದ ದಿನ ಹನ್ನೊಂದು ಪರೀಕ್ಷೆಗಳು ಬಿದ್ದವು. ಪ್ರತಿ ಗುಂಡಿಗೂ ಸ್ಥಿರವಾದ ಐಡಿ ಕೊಡಿರೆಂದು ಡೆವಲಪರ್‌ಗಳನ್ನು ಕೇಳಿದೆವು. ಅವರಲ್ಲಿ ಒಬ್ಬರು ಸುಲಭವೆಂದು ಗುಂಡಿಯ ವಿವರಣೆಯ ಜಾಗದಲ್ಲಿ ಸಂಕೇತದ ಹೆಸರನ್ನು ತುಂಬಿಸಿದ್ದನ್ನು ನಾನು ಒಪ್ಪಲಿಲ್ಲ, ಏಕೆಂದರೆ ಆ ವಿವರಣೆಯನ್ನು ಟಾಕ್‌ಬ್ಯಾಕ್ ದೃಷ್ಟಿದೋಷವುಳ್ಳವರಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ನಮ್ಮ ಅನುಕೂಲಕ್ಕಾಗಿ ಅವರ ಕಿವಿಗೆ 'ಬಿಟಿಎನ್ ಅಂಡರ್‌ಸ್ಕೋರ್ ಸೇವ್' ಎಂದು ಕೇಳಿಸುವುದು ನ್ಯಾಯವಲ್ಲ.

ಗೋಪಾಲಯ್ಯನವರ ಹೆಸರು

ಈ ಪ್ರಕರಣವನ್ನು ಬರೆದಿಡಬೇಕೆನಿಸಿದ್ದು ಮುಂದಿನ ಘಟನೆಯಿಂದಾಗಿ. ಸದಸ್ಯರ ಪಟ್ಟಿಯ ಪರೀಕ್ಷೆ ಕೆಲವು ಹೆಸರುಗಳಲ್ಲಿ ಮಾತ್ರ ಬೀಳುತ್ತಿತ್ತು. ವರದಿ ಹೀಗಿತ್ತು: ನಿರೀಕ್ಷಿಸಿದ್ದು ಗೋಪಾಲಯ್ಯ, ಸಿಕ್ಕಿದ್ದು ಗೋಪಾಲಯ್ಯ, ಎರಡೂ ಒಂದೇ ಅಲ್ಲ. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಮ್ಮ ಕಿರಿಯ ಪರೀಕ್ಷಕಿ ಎರಡೂ ಹೆಸರುಗಳ ಯುನಿಕೋಡ್ ಸಂಕೇತಗಳನ್ನು (ಗಣಕ ಅಕ್ಷರಗಳನ್ನು ಗುರುತಿಸುವ ಸಂಖ್ಯೆಗಳು) ಬಿಡಿಸಿ ನೋಡಿದರು. ನಾವು ಟೈಪಿಸಿದ 'ಗೋ'ದಲ್ಲಿ ಗ ಮತ್ತು ಓತ್ವ, ಒಟ್ಟು ಎರಡು ಸಂಕೇತಗಳು. ಆ್ಯಪ್‌ನಿಂದ ಬಂದ 'ಗೋ'ದಲ್ಲಿ ಗ, ಎತ್ವ, ಊಕಾರದ ಕೊಂಬು, ದೀರ್ಘದ ಗುರುತು, ಒಟ್ಟು ನಾಲ್ಕು. ಯುನಿಕೋಡ್ ಪ್ರಕಾರ ಇವೆರಡೂ ಸಮಾನ. ಪರದೆಯ ಮೇಲೆ ಮೂಡುವ ರೂಪವೂ ಒಂದೇ. ಗಣಕ ಬೈಟ್‌ಗಳನ್ನು ಹೋಲಿಸಿದರೆ ಮಾತ್ರ ಬೇರೆ ಬೇರೆ.

ನಾಲ್ಕು ಸಂಕೇತಗಳ ರೂಪ ಎಲ್ಲಿಂದ ಬಂತೆಂಬುದು ಕನ್ನಡದಲ್ಲಿ ಟೈಪಿಸಿದವರಿಗೆ ಹೊಳೆಯಬಹುದು. ಸಂಘಗಳ ಹಳೆಯ ಸದಸ್ಯರ ಪಟ್ಟಿಗಳು ಹೆಚ್ಚಾಗಿ ನುಡಿ ತಂತ್ರಾಂಶದ, ಯುನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ಅಕ್ಷರಗಳಲ್ಲಿ ಇದ್ದವು. ಆ ಪದ್ಧತಿಯಲ್ಲಿ 'ಗೋ' ಎಂಬುದು ಅಕ್ಷರವಲ್ಲ, ಚಿತ್ರಗಳ ತುಂಡುಗಳ ಸಾಲು: ಗೆ, ಅದರ ಪಕ್ಕಕ್ಕೆ ಕೊಂಬು, ಅದರ ಪಕ್ಕಕ್ಕೆ ದೀರ್ಘ. ಪಟ್ಟಿಯನ್ನು ಯುನಿಕೋಡ್‌ಗೆ ತರಲು ನಮ್ಮಲ್ಲೇ ಬರೆದ ಪರಿವರ್ತಕ ತುಂಡಿಗೆ ತುಂಡನ್ನು ಬದಲಿಸಿತ್ತು, ಕೂಡಿಸಿರಲಿಲ್ಲ.

ಇಲ್ಲಿ ತಪ್ಪು ನನ್ನದು. ಪರೀಕ್ಷೆಯ ಸಂಕೇತದಲ್ಲಿ ಎರಡೂ ಹೆಸರುಗಳನ್ನು ಎನ್‌ಎಫ್‌ಸಿ ಎಂಬ, ತುಂಡುಗಳು ಕೂಡಿದ ಪ್ರಮಾಣಿತ ರೂಪಕ್ಕೆ ತಂದು ಹೋಲಿಸುವ ಎರಡು ಸಾಲಿನ ಸಹಾಯಕವನ್ನು ಬರೆಸಿದೆ, ಎಲ್ಲವೂ ಹಸಿರಾಯಿತು, ಯುನಿಕೋಡ್ ಬಗ್ಗೆ ಕಿರಿಯರಿಗೆ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಹುಡುಕಾಟದ ಪರೀಕ್ಷೆ ಆಗಲೇ ಹಸಿರಾಗಿತ್ತು. ಅದು ಪಟ್ಟಿಯಿಂದ ಒಂದು ಹೆಸರನ್ನು ಓದಿಕೊಂಡು, ಅದನ್ನೇ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿ, ಸಿಗುತ್ತದೆಯೇ ಎಂದು ನೋಡುತ್ತಿತ್ತು. ಆ್ಯಪ್ ಕೊಟ್ಟ ಹೆಸರನ್ನು ಆ್ಯಪ್‌ಗೇ ತಿರುಗಿ ಕೊಟ್ಟರೆ ಸಿಗದೆ ಏನಾದೀತು?

ಮೂರು ವಾರದ ನಂತರ ಮಂಡ್ಯ ಕಡೆಯ ಸಂಘವೊಂದರ ಕಾರ್ಯದರ್ಶಿಗಳು ಫೋನ್ ಮಾಡಿದರು. "ಪಟ್ಟೀಲಿ ಕಾಣ್ತಾರೆ ಸಾರ್, ಹುಡುಕಿದ್ರೆ ಸದಸ್ಯರಿಲ್ಲ ಅಂತದೆ. ಸಾಲಲ್ಲಿ ಜನ ನಿಂತವ್ರೆ" ಎಂದರು. ಯಂತ್ರ ಮೊದಲೇ ಹಿಡಿದುಕೊಟ್ಟಿದ್ದ ದೋಷ ಅದು. ಕಾರ್ಯದರ್ಶಿಗಳು ಫೋನಿನ ಕೀಲಿಮಣೆಯಲ್ಲಿ ಎರಡು ಸಂಕೇತದ 'ಗೋ' ಒತ್ತುತ್ತಾರೆ. ದತ್ತಾಂಶದಲ್ಲಿ ನಾಲ್ಕು ಸಂಕೇತದ 'ಗೋ' ಕುಳಿತಿದೆ. ಆ್ಯಪ್ ಬಳಸುವ ಎಸ್‌ಕ್ಯೂಲೈಟ್ ದತ್ತಸಂಚಯ ಈ ಎರಡನ್ನೂ ಸಮವೆಂದು ಎಣಿಸುವುದಿಲ್ಲ. ನಾನು ಬರೆಸಿದ ಸಹಾಯಕ ಪರೀಕ್ಷೆಯನ್ನು ಸುಧಾರಿಸಿರಲಿಲ್ಲ, ಸಾಕ್ಷಿಯ ಬಾಯಿ ಮುಚ್ಚಿಸಿತ್ತು.

ಆ್ಯಪ್‌ನಲ್ಲಿ ಹೆಸರನ್ನು ಉಳಿಸುವಾಗಲೂ ಹುಡುಕುವಾಗಲೂ ಜಾವಾದ ನಾರ್ಮಲೈಸರ್‌ನಿಂದ ಎನ್‌ಎಫ್‌ಸಿ ರೂಪಕ್ಕೆ ತರುವಂತೆ ಡೆವಲಪರ್‌ಗಳು ಬದಲಿಸಿದರು, ಹಳೆಯ ದತ್ತಾಂಶವನ್ನೂ ಒಮ್ಮೆ ತಿದ್ದಿದರು. ಅದರಿಂದ ಎಲ್ಲವೂ ಮುಗಿಯಲಿಲ್ಲ. 'ಮಂಜುನಾಥ್' ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಕೆಲವು ಹೆಸರುಗಳ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಶೂನ್ಯ ಅಗಲದ ಗುರುತು, ಸೇರಿಕೊಂಡಿತ್ತು. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಎಲ್ಲೆಡೆ ಅಳಿಸಿಹಾಕುವಂತೆಯೂ ಇಲ್ಲ: 'ರಾಜ್‌ಕುಮಾರ' ಎಂಬ ಹೆಸರಿನ ನಡುವಿನಿಂದ ಅದನ್ನು ತೆಗೆದರೆ ಜ ಮತ್ತು ಕ ಕೂಡಿ ಒತ್ತಕ್ಷರವಾಗುತ್ತವೆ, ಆ ಸದಸ್ಯರು ತಮ್ಮ ಚೀಟಿಯನ್ನು ನೋಡಿ ಒಪ್ಪುವುದಿಲ್ಲ. ಆದ್ದರಿಂದ ತೋರಿಸುವ ಹೆಸರನ್ನು ಹಾಗೆಯೇ ಬಿಟ್ಟು, ಹುಡುಕಾಟಕ್ಕೆಂದೇ ಆ ಗುರುತಿಲ್ಲದ ಇನ್ನೊಂದು ಪ್ರತಿಯನ್ನು ಪಕ್ಕದ ಅಂಕಣದಲ್ಲಿ ಇಡಲಾಯಿತು.

ನಮ್ಮ ಕಡೆ ಸಹಾಯಕವನ್ನು ಅಳಿಸಿದೆವು. ಹುಡುಕಾಟದ ಪರೀಕ್ಷೆ ಈಗ ಆ್ಯಪ್‌ನಿಂದ ಹೆಸರನ್ನು ಓದುವುದಿಲ್ಲ. ಒಂದೇ ಹೆಸರನ್ನು ಕೂಡಿದ ರೂಪ, ಬಿಡಿಸಿದ ರೂಪ, ಕಾಣದ ಗುರುತು ಇರುವ ರೂಪ, ಇಲ್ಲದ ರೂಪ, ಹೀಗೆ ನಾಲ್ಕು ಬಗೆಯಲ್ಲಿ ಸಂಕೇತಗಳ ಮೂಲಕವೇ ಬರೆದಿಟ್ಟ ಕಡತದಿಂದ ತೆಗೆದುಕೊಂಡು ಹಾಕುತ್ತದೆ. ಟೈಪಿಸಿ ಇಡುವಂತಿಲ್ಲ, ಏಕೆಂದರೆ ಕಡತವನ್ನು ಉಳಿಸುವ ಸಂಪಾದಕ ತಂತ್ರಾಂಶವೇ ರೂಪ ಬದಲಿಸಿದರೆ ನಮಗೆ ತಿಳಿಯುವುದೂ ಇಲ್ಲ. ಕನ್ನಡ ಪಠ್ಯವನ್ನು ಫೋನಿಗೆ ಕಳುಹಿಸಲು ಎಡಿಬಿಯ ಇನ್‌ಪುಟ್ ಆಜ್ಞೆ ಉಪಯೋಗಕ್ಕೆ ಬರುವುದಿಲ್ಲ. ಯುಐಆಟೊಮೇಟರ್ 2 ಡ್ರೈವರ್ ಪೆಟ್ಟಿಗೆಯಲ್ಲಿ ಪಠ್ಯವನ್ನು ನೇರವಾಗಿ ಇಡುವುದರಿಂದ ಸಂಕೇತಗಳು ಕೊಟ್ಟಂತೆಯೇ ತಲುಪುತ್ತವೆ.

ಹೊರಗೆ ಉಳಿದದ್ದು

24 ಹಾದಿಗಳೂ ಈಗ ರಾತ್ರಿ ಓಡುತ್ತವೆ, ಬೆಳಿಗ್ಗೆ ಕಚೇರಿಗೆ ಬರುವಷ್ಟರಲ್ಲಿ ವರದಿ ಸಿದ್ಧವಿರುತ್ತದೆ. ಎರಡು ದಿನದ ಕೈಪರೀಕ್ಷೆ ಅರ್ಧ ದಿನಕ್ಕೆ ಇಳಿದಿದೆ. ಆ ಅರ್ಧ ದಿನದ ಹೆಚ್ಚಿನ ಪಾಲು ಆ್ಯಪಿಯಂಗೆ ಕಾಣದ ಸಂಗತಿಗಳಿಗೆ ಮೀಸಲು. ಚೀಟಿಯ ಸಾಲುಗಳ ಎತ್ತರ ಕಡಿಮೆಯಾದರೆ 'ವಸ್ತ್ರದ' ಎಂಬ ಮನೆತನದ ಹೆಸರಿನ ಒತ್ತಕ್ಷರಗಳು ಕೆಳಗೆ ಕತ್ತರಿಸಿ ಹೋಗುತ್ತವೆ, ಆದರೆ ಯಂತ್ರ ಪರದೆಯ ಹಿಂದಿನ ಪಠ್ಯವನ್ನು ಓದಿ ಹೆಸರು ಪೂರ್ತಿಯಾಗಿದೆಯೆಂದೇ ಹೇಳುತ್ತದೆ. ಪರದೆಯ ಚಿತ್ರಗಳನ್ನು ಹೋಲಿಸುವ ಪ್ರಯತ್ನವನ್ನೂ ಮಾಡಿದೆವು. ನಾಲ್ಕು ಫೋನುಗಳಲ್ಲಿ ಅಕ್ಷರಗಳು ನಾಲ್ಕು ಬಗೆಯಲ್ಲಿ ಮೂಡಿ, ವ್ಯತ್ಯಾಸವಿಲ್ಲದ ದಿನವೇ ಇರಲಿಲ್ಲ. ಅದನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಬಿಡುಗಡೆಯ ಹಿಂದಿನ ದಿನ ನಮ್ಮ ಕಿರಿಯ ಪರೀಕ್ಷಕಿ ಆಂಡ್ರಾಯ್ಡ್ 9ರ ಆ ಹಳೆಯ ಫೋನನ್ನು ಕಪಾಟಿನಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಒತ್ತಕ್ಷರ ಹೆಚ್ಚಿರುವ ನಲವತ್ತು ಹೆಸರುಗಳ ಚೀಟಿಗಳನ್ನು ಒಂದೊಂದಾಗಿ ಓದುತ್ತಾರೆ.